ಕೂಗಿದರೆ ಬೇಕು, ಕೂಗದಿದ್ದರೆ ಬೇಡ

ಇನ್ನು ಮುಂದೆ ನಮ್ಮ ಮನೆಯ ಸರ್ವರಿನೊಳಕ್ಕೆ ಒಂದು ಸೊಳ್ಳೆಯೂ ನುಗ್ಗಲಾರದು! ಹೀಗೆಂದು ನಾನು ಘೋಷಿಸಿದ್ದು ಒಂದು ಶನಿವಾರ ಬೆಳಗ್ಗೆ, ಹಲ್ಲುಜ್ಜುತ್ತಾ. ಬಾಯಿ ತುಂಬ ನೊರೆ ಇದ್ದದ್ದರಿಂದ ಘೋಷಣೆಯ ಅರ್ಧ ಭಾಗ ಕನ್ನಡಿಗೆ ಹಾರಿತು.

ಹಿಂದಿನ ದಿನ ತಾನೇ ಕಚೇರಿಯಲ್ಲಿ ಕಂಪ್ಯೂಟರ್ ಭದ್ರತೆಯ ತರಬೇತಿ ಮುಗಿಸಿಕೊಂಡು ಬಂದಿದ್ದೆ. ತರಬೇತಿ ಅರ್ಧ ದಿನದ್ದಾದರೂ ಪ್ರಮಾಣಪತ್ರ ಪೂರ್ತಿ ಹಾಳೆಯದು. ಪಾಠದ ಸಾರ ಇಷ್ಟೇ. ಸರ್ವರಿನಲ್ಲಿ ಹಿಂದುಗಡೆ ಸದ್ದಿಲ್ಲದೆ ಓಡುತ್ತಿರುವ ಒಂದೊಂದು ಸೇವೆಯೂ ಹೊರಗಿನ ನೆಟ್‌ವರ್ಕಿಗೆ ತೆರೆದಿಟ್ಟ ಒಂದೊಂದು ಬಾಗಿಲು. ಬೇಡದ ಬಾಗಿಲನ್ನು ಮುಚ್ಚದಿದ್ದರೆ ಕಳ್ಳ ಬರುತ್ತಾನೆ.

ನಮಗ್ಯಾಕೆ ಸರ್ವರು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಮನೆಯ ಮುಂದಿನ ಎರಡು ಕೋಣೆಗಳೇ ಅವಳ ಕ್ಲಿನಿಕ್. ಅಲ್ಲಿನ ಎಕ್ಸ್‌ರೇ, ಚೀಟಿ, ರೋಗಿಗಳ ಪಟ್ಟಿ, ಜತೆಗೆ ಮಹಡಿಯಲ್ಲಿರುವ ಅತ್ತೆಯವರು ಕೇಳುವ ಹಾಡುಗಳು, ಎಲ್ಲವೂ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಪೊರಕೆ ಮತ್ತು ಬಕೆಟ್ಟಿನ ನಡುವೆ ಕೂತಿರುವ ಒಂದು ಕಪ್ಪು ಪೆಟ್ಟಿಗೆಯೊಳಗೆ ಇರುತ್ತವೆ. ಅದನ್ನು ಕೂರಿಸಿಕೊಟ್ಟವನು ಬೇರೆ ಊರು ಸೇರಿದ ಮೇಲೆ ಉಸ್ತುವಾರಿ ನನ್ನದಾಯಿತು. ಉಸ್ತುವಾರಿ ಎಂದರೆ ಅಲ್ಲಿಯವರೆಗೆ ಧೂಳು ಒರೆಸುವುದು.

ಅಂದು ಅದರ ಹೊಟ್ಟೆ ಬಗೆದು ನೋಡಿದರೆ ಮೂವತ್ತೊಂದು ಸೇವೆಗಳು ಓಡುತ್ತಿದ್ದವು! ಮನುಷ್ಯರು ವಾಸಿಸುವ ಮನೆಗೇ ಎರಡು ಬಾಗಿಲು, ಈ ಪೆಟ್ಟಿಗೆಗೆ ಮೂವತ್ತೊಂದು.

"ಯಾವುದು ಯಾಕಿದೆ ಅಂತ ತಿಳ್ಕೊಂಡು ಆಫ್ ಮಾಡಿ ರೀ," ಎಂದಳು ಹೆಂಡತಿ, ಕೈಗವಸು ಹಾಕಿಕೊಳ್ಳುತ್ತಾ.

"ತಿಳ್ಕೊಳ್ಳೋಕೆ ಸುಲಭದ ದಾರಿ ಇದೆ ಡಾಕ್ಟ್ರೇ. ಒಂದೊಂದಾಗಿ ಆಫ್ ಮಾಡ್ತಾ ಹೋಗ್ತೀನಿ. ಯಾರಾದ್ರೂ ಕೂಗಿದ್ರೆ ಅದು ಬೇಕು. ಯಾರೂ ಕೂಗದಿದ್ರೆ ಬೇಡ."

"ಇದನ್ನೂ ತರಬೇತೀಲೇ ಹೇಳಿಕೊಟ್ರಾ?"

"ಇಲ್ಲ, ಇದು ನನ್ನ ಸ್ವಂತ ಸಂಶೋಧನೆ."

"ಅದಕ್ಕೇ ನಂಗೆ ಭಯ," ಎಂದು ಅವಳು ಕ್ಲಿನಿಕ್ಕಿಗೆ ನಡೆದಳು.

ಮೊದಲನೆಯದನ್ನು ಮುಚ್ಚಿದ ಎರಡೇ ನಿಮಿಷಕ್ಕೆ ಕ್ಲಿನಿಕ್ಕಿನ ಸಿಸ್ಟರ್ ಓಡಿ ಬಂದಳು. "ಸರ್, ಎಕ್ಸ್‌ರೇ ಪರದೆ ಮೇಲೆ ಬರ್ತಿಲ್ಲ. ಪೇಶೆಂಟು ಆಗಿನಿಂದ ಬಾಯಿ ತೆಕ್ಕೊಂಡೇ ಕೂತಿದ್ದಾರೆ." ಕೂಗು ಬಂತು, ಬಾಗಿಲು ತೆರೆದೆ. ಎರಡನೆಯದಕ್ಕೆ ಮಹಡಿಯಿಂದ ಅತ್ತೆಯವರ ದನಿ. "ಅಳಿಯಂದ್ರೇ, ಹಾಡು ನಿಂತೋಯ್ತಲ್ಲ. ಈಗಷ್ಟೇ ಚರಣಕ್ಕೆ ಬಂದಿತ್ತು." ಅದನ್ನೂ ತೆರೆದೆ. ಮೂರನೆಯದಕ್ಕೆ ಸ್ವತಃ ಡಾಕ್ಟರೇ ಬಾಗಿಲಲ್ಲಿ ನಿಂತು ಪ್ರಿಂಟರ್ ಸತ್ತಿದೆ ಎಂದು ಸಾರಿದರು. ನನಗಂತೂ ಹೆಮ್ಮೆಯೋ ಹೆಮ್ಮೆ. ಇಷ್ಟು ಕರಾರುವಾಕ್ಕಾದ ವಿಧಾನ ಯಾರಿಗೆ ಹೊಳೆದಿತ್ತು?

ಹನ್ನೊಂದನೆಯದರ ಕೆಲಸವೇನೆಂದು ನೋಡಿದೆ. ಪೆಟ್ಟಿಗೆಯಿಂದ ಹೊರಗಿನವರಿಗೆ ಸಂದೇಶ ಸಾಗಿಸುವುದಂತೆ. ಪೊರಕೆಯ ಪಕ್ಕ ಕೂತ ಪೆಟ್ಟಿಗೆಗೆ ಹೊರಗಿನವರ ಜತೆ ಏನು ಮಾತು? ಮನೆಯ ಗುಟ್ಟು ಹೊರಗೆ ಹಾಕುವ ಮನೆಮುರುಕ ಇವನೇ ಎಂದುಕೊಂಡು ಕತ್ತು ಹಿಸುಕಿದೆ. ಅರ್ಧ ಗಂಟೆ ಕಿವಿ ನಿಮಿರಿಸಿಕೊಂಡು ಕೂತೆ. ಸಿಸ್ಟರ್ ಕೂಗಲಿಲ್ಲ. ಅತ್ತೆ ಕೂಗಲಿಲ್ಲ. ಡಾಕ್ಟರೂ ಕೂಗಲಿಲ್ಲ. ಸಂಜೆಯ ಹೊತ್ತಿಗೆ ಹದಿನಾಲ್ಕು ಬಾಗಿಲು ಭದ್ರವಾಗಿದ್ದವು, ನಾನು ಎದೆಯುಬ್ಬಿಸಿಕೊಂಡು ಮಲಗಿದೆ.

ಒಂದೆರಡು ವಾರ ಕಳೆದ ಮೇಲೆ ಹೆಂಡತಿ ಊಟದ ಹೊತ್ತಿನಲ್ಲಿ ಮಾತು ಕಡಿಮೆ ಮಾಡಿದಳು. ನನ್ನ ಮೇಲಿನ ಸಿಟ್ಟಿರಬೇಕು ಎಂದುಕೊಂಡು, ಮಾಡಿದ ತಪ್ಪುಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸಿ ನೋಡಿದೆ. ಯಾವುದೂ ಹೊಸದಿರಲಿಲ್ಲ.

"ಕ್ಲಿನಿಕ್ಕಿಗೆ ಜನಾನೇ ಬರ್ತಿಲ್ಲ ರೀ," ಎಂದಳು ಕೊನೆಗೆ. "ನೋವು ತಡೆಯೋಕಾಗದೆ ಬರೋರು ಬರ್ತಾರೆ. ತಪಾಸಣೆಗೆ ಬರೋರು ಒಬ್ರೂ ಇಲ್ಲ. ಅರ್ಧ ಚಿಕಿತ್ಸೆ ಆದೋರೂ ತಿರುಗಿ ನೋಡ್ತಿಲ್ಲ."

"ಎದುರುಗಡೆ ಹೊಸ ಕ್ಲಿನಿಕ್ ಆಗಿದೆಯಲ್ಲ, ಅದರ ಪ್ರಭಾವ," ಎಂದೆ. ಎದುರಿನವರು ಗಾಜಿನ ಬಾಗಿಲು ಹಾಕಿಸಿ, ಒಳಗೆ ಮೀನಿನ ತೊಟ್ಟಿ ಇಟ್ಟಿದ್ದರು. ಮರುದಿನವೇ ನಾನು ಅದಕ್ಕಿಂತ ದೊಡ್ಡ ತೊಟ್ಟಿ ತಂದು, ಕಾಯುವ ಕೋಣೆಯಲ್ಲಿ ಕೂರಿಸಿ, ಎಂಟು ಕಿತ್ತಳೆ ಬಣ್ಣದ ಮೀನು ಬಿಟ್ಟೆ. ಮೀನು ನೋಡಲು ಯಾರಾದರೂ ಬರಬೇಕಲ್ಲ! ಖಾಲಿ ಕುರ್ಚಿಗಳ ಎದುರು ಅವು ಬಾಯಿ ತೆರೆದು ಮುಚ್ಚಿ, ಮುಚ್ಚಿ ತೆರೆದು ಈಜುತ್ತಿದ್ದವು. ಇಡೀ ದಿನದಲ್ಲಿ ಆ ಕ್ಲಿನಿಕ್ಕಿನೊಳಗೆ ತೆರೆಯುತ್ತಿದ್ದ ಬಾಯಿಗಳು ಅವು ಮಾತ್ರ.

ಆರನೇ ವಾರದ ಕೊನೆಗೆ ಅವಳು ಒಂದು ಪತ್ರ ಬರೆದು ಮೇಜಿನ ಮೇಲಿಟ್ಟಳು. ಊರಿನ ಆ ತುದಿಯ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಕೇಳಿ ಬರೆದದ್ದು.

"ಸೋಮವಾರ ಕೊಟ್ಟು ಬರ್ತೀನಿ. ಕ್ಲಿನಿಕ್ ಮುಚ್ಚಿಬಿಡೋಣ."

"ಹದಿನೆಂಟು ವರ್ಷ ಕಟ್ಟಿದ್ದನ್ನ?"

"ಜನ ಸುಮ್‌ಸುಮ್ನೆ ಬಿಟ್ಟು ಹೋಗ್ತಾರಾ? ನನ್ನ ಕೈ ಒರಟಾಗಿರ್ಬೇಕು. ಮುಖಕ್ಕೆ ಹೇಳೋಕಾಗದೆ ಹೋಗಿದ್ದಾರೆ."

ಅವಳು ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದಳು. ಅಳುವ ಮಕ್ಕಳನ್ನೂ ನಗಿಸಿ ಕಳಿಸುತ್ತಿದ್ದ ಕೈಗಳು ಅವು. ಸಮಾಧಾನ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಬಲ ದವಡೆಯಲ್ಲಿ ಸೂಜಿ ಚುಚ್ಚಿದಂತಾಗಿ ಮುಚ್ಚಿಕೊಂಡೆ.

ಭಾನುವಾರ ಬೆಳಗ್ಗೆ ಕೆನ್ನೆ ಊದಿ ಮುಖ ಒಂದೂವರೆ ಆಗಿತ್ತು. ಹೆಂಡತಿ ನನ್ನನ್ನು ಕುರ್ಚಿಯಲ್ಲಿ ಮಲಗಿಸಿ, ದೀಪ ಹಾಕಿ, ಕನ್ನಡಿ ತೂರಿಸಿ ನೋಡಿದಳು.

"ಆರು ತಿಂಗಳ ತಪಾಸಣೆ ಹೋದ ತಿಂಗಳೇ ಇತ್ತಲ್ಲ, ಯಾಕೆ ಬರಲಿಲ್ಲ?" ಎಂದು ಕನ್ನಡಿ ಹೊರಗೆಳೆದಳು. "ಊರೋರ ಹಾಗೆ ನೀವೂ ನನ್ನ ಬಿಟ್ರಾ?"

"ಅಯ್ಯೋ, ಮರ್ತೇ ಹೋಯ್ತು ಕಣೇ. ಪ್ರತಿ ಸಲ ಹಿಂದಿನ ದಿನ ಮೆಸೇಜ್ ಬರ್ತಿತ್ತು. ಈ ಸಲ ಬರ್ಲೇ ಇಲ್ಲ."

"ಬರದೆ ಏನು? ಕಂಪ್ಯೂಟರ್ರೇ ಕಳಿಸುತ್ತೆ, ಎಲ್ಲರಿಗೂ ಕಳಿಸೋ ಹಾಗೆ," ಎಂದು ಬಾಯಿಗೆ ಹತ್ತಿ ತುರುಕಿ ಡ್ರಿಲ್ ಚಾಲೂ ಮಾಡಿದಳು.

ಎಲ್ಲರಿಗೂ. ಹೊರಗಿನವರಿಗೆ ಸಂದೇಶ ಸಾಗಿಸುವುದು. ಪೊರಕೆಯ ಪಕ್ಕದ ಮನೆಮುರುಕ. ಹನ್ನೊಂದನೆಯ ಬಾಗಿಲು!

ಹತ್ತಿಯ ನಡುವಿನಿಂದಲೇ ನಾನು ಕೂಗಿದ ಕೂಗಿಗೆ ಮಹಡಿಯ ಮೇಲೆ ಅತ್ತೆಯವರ ಹಾಡು ನಿಂತಿತು.

"ನೋವಾಯ್ತಾ?"

ಇಲ್ಲವೆಂದು ತಲೆಯಾಡಿಸಿದೆ.

"ಮತ್ಯಾಕೆ ಕೂಗಿದ್ರಿ?"

ನನ್ನ ಸಂಶೋಧನೆ ಸುಳ್ಳಾಗಲಿಲ್ಲ ನೋಡಿ. ಕೂಗು ಬಂದೇ ಬಂತು, ಆರು ವಾರ ತಡವಾಗಿ, ಅದೂ ನನ್ನದೇ ಗಂಟಲಿನಿಂದ. ಎಕ್ಸ್‌ರೇ ಬಾರದಿದ್ದರೆ ಕೂಗುತ್ತಾರೆ, ಹಾಡು ನಿಂತರೆ ಕೂಗುತ್ತಾರೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದು ನನಗ್ಯಾರೂ ನೆನಪಿಸಲಿಲ್ಲ ಎಂದು ಕೂಗಿದವರನ್ನು ಈ ಭೂಮಿಯ ಮೇಲೆ ಯಾರಾದರೂ ಕಂಡಿದ್ದಾರೆಯೇ? ಮರೆತವರೆಲ್ಲ ಮನೆಯಲ್ಲಿ ಹಾಯಾಗಿದ್ದರು. ಕಾವಲಿಗೆ ನಿಂತ ನಾನೇ ಬೇಲಿಯಾಗಿ ಹೊಲ ಮೇಯ್ದಿದ್ದೆ.

ಹತ್ತಿ ಉಗಿದು ಎಲ್ಲವನ್ನೂ ಒಪ್ಪಿಕೊಂಡೆ. ಗುಡುಗು ಸಿಡಿಲಿಗೆ ಸಿದ್ಧನಾಗಿ ಕಣ್ಣು ಮುಚ್ಚಿದೆ. ಏನೂ ಬರಲಿಲ್ಲ. ಕಣ್ಣು ತೆರೆದರೆ ಅವಳು ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಹಾಗಾದ್ರೆ ನನ್ನ ಕೈ ಕೆಟ್ಟಿಲ್ಲ."

"ನಿನ್ನ ಕೈ ಬಂಗಾರ. ಕೆಟ್ಟಿದ್ದು ನನ್ನ ತಲೆ."

"ಅದು ಹಳೇ ಕಾಯಿಲೆ ಬಿಡಿ, ಮದ್ದಿಲ್ಲ," ಎಂದು ನಕ್ಕಳು. ಆರು ವಾರದಲ್ಲಿ ಮೊದಲ ನಗು. ಆಸ್ಪತ್ರೆಗೆ ಬರೆದ ಪತ್ರವನ್ನು ಹರಿದು ಹತ್ತಿಯ ಜತೆ ಬುಟ್ಟಿಗೆ ಹಾಕಿದಳು. ನನ್ನ ಹಲ್ಲಿಗೆ ಸದ್ಯಕ್ಕೆ ಮದ್ದು ತುಂಬಿ, "ಉಳಿದದ್ದು ನಾಳೆ, ಮೊದಲು ಆ ಬಾಗಿಲು ತೆಗೀರಿ," ಎಂದಳು.

ತೆರೆದೆ. ಇಲ್ಲಿಗೆ ಮುಗಿಯಬೇಕಿತ್ತು, ಆದರೆ ನನ್ನ ಗ್ರಹಚಾರ ಅಷ್ಟಕ್ಕೆ ಬಿಡುವುದಲ್ಲ. ಆರು ವಾರ ಹೊರಹೋಗಲು ದಾರಿಯಿಲ್ಲದೆ ಸಂದೇಶಗಳೆಲ್ಲ ಪೆಟ್ಟಿಗೆಯೊಳಗೇ ರಾಶಿ ಬಿದ್ದಿದ್ದವು. ಬಾಗಿಲು ತೆರೆದದ್ದೇ ತಡ, ಎಲ್ಲವೂ ಒಟ್ಟಿಗೆ ಹಾರಿದವು. ಯಾವ ದಿನ ಬರೆದದ್ದಾದರೇನು, ಪ್ರತಿಯೊಂದರಲ್ಲೂ ಬರಬೇಕಾದ ಗಂಟೆಯ ಜತೆ ಇದ್ದದ್ದು ಒಂದೇ ಮಾತು: 'ನಾಳೆ ನಿಮ್ಮ ಹಲ್ಲಿನ ಚಿಕಿತ್ಸೆ ಇದೆ, ತಪ್ಪದೆ ಬನ್ನಿ.'

ಸೋಮವಾರ ಬೆಳಗ್ಗೆ ಅವರು ತಪ್ಪದೆ ಬಂದರು. ತೊಂಬತ್ತಮೂರು ಜನ! ಸಾಲು ಗೇಟು ದಾಟಿ, ಬೀದಿ ದಾಟಿ, ಎದುರು ಕ್ಲಿನಿಕ್ಕಿನ ಗಾಜಿನ ಬಾಗಿಲಿಗೆ ಒರಗಿ ನಿಂತಿತು.

"ನಂಗೆ ಹತ್ತು ಗಂಟೆ ಅಂತ ಬಂದಿದೆ."

"ನಂಗೂ ಹತ್ತೇ."

"ಯಾರ್ರೀ ಇಲ್ಲಿ ಹೊಣೆ?"

ಹೊಣೆಗಾರ ಊದಿದ ಕೆನ್ನೆ ಹಿಡಿದು, ಕಚೇರಿಗೆ ರಜೆ ಹಾಕಿ, ಚೀಟಿ ಹಂಚುತ್ತಾ, ಕುರ್ಚಿ ಹೊರುತ್ತಾ, ಮಕ್ಕಳಿಗೆ ಮೀನು ತೋರಿಸುತ್ತಾ ಓಡಾಡುತ್ತಿದ್ದ. ಅರ್ಧಕ್ಕರ್ಧ ಜನರಿಗೆ ಸಿಸ್ಟರ್ ಬೇರೆ ದಿನ ಬರೆದುಕೊಟ್ಟಳು. ಇಷ್ಟಾಗಿಯೂ ಡಾಕ್ಟರ ಮುಖ ನೋಡಬೇಕಿತ್ತು. ಬೆವರಿಳಿಯುತ್ತಿದ್ದರೂ ದೀಪ ಹಚ್ಚಿಟ್ಟಂತಿತ್ತು.

ಎಲ್ಲರೂ ಹೋದ ಮೇಲೆ, ಕೊನೆಯ ಚೀಟಿ ಹಿಡಿದು ನಾನು ಕುರ್ಚಿಯಲ್ಲಿ ಮಲಗಿದೆ.

"ಯಾವ ಹಲ್ಲು ಅಂತ ಜ್ಞಾಪಕ ಇದೆ ತಾನೆ?" ಎಂದು ಮೆಲ್ಲನೆ ಕೇಳಿದೆ.

"ಬೆಳಗ್ಗಿಂದ ಎಷ್ಟೊಂದು ಬಾಯಿ ನೋಡಿದೀನಿ, ಮರ್ತುಹೋಯ್ತು," ಎಂದಳು ಅವಳು, ಇಕ್ಕಳ ಕೈಗೆತ್ತಿಕೊಳ್ಳುತ್ತಾ. "ಯೋಚನೆ ಮಾಡ್ಬೇಡಿ, ಸುಲಭದ ದಾರಿ ಇದೆ. ಒಂದೊಂದಾಗಿ ಕೀಳ್ತಾ ಹೋಗ್ತೀನಿ. ನೀವು ಕೂಗಿದ್ರೆ ಅದು ಬೇಕು. ಕೂಗದಿದ್ರೆ ಬೇಡ."