ತಾತನ ಎಲೆ, ನನ್ನ ಒಸಡು

ನಮ್ಮೂರ ದಾರಿಯಲ್ಲಿ ದ್ರಾಕ್ಷಿ ಚಪ್ಪರದ ಕಲ್ಲುಕಂಬಕ್ಕೆ ಗುದ್ದಿದ್ದು ಬೈಕು, ಉದುರಿದ್ದು ನನ್ನ ಹಲ್ಲು. ಅಲ್ಲಾಡುತ್ತ ಉಳಿದವನ್ನು ತೇನಿ ಪೇಟೆಯ ಹಲ್ಲಿನ ಡಾಕ್ಟರು ಕಿತ್ತು, "ಒಸಡು ಮಾಗಲಿ, ಸೆಟ್ಟು ಕೊಡುವಾ" ಎಂದರು. ನಾನು ದಿನಚರಿ ಬರೆಯುವವನು. ಲೆಕ್ಕವಿಲ್ಲದೆ ನಿದ್ದೆ ಬಾರದು. ಗೆರೆ ಎಳೆದು ಬರೆದೆ: ಸೋಮವಾರ ಗಂಜಿ, ಮಂಗಳವಾರ ಗಂಜಿ, ಬುಧವಾರ ಪೂರ್ಣ ಗುಣ.

ಬುಧವಾರವೂ ಗಂಜಿಯೇ ಆಯಿತು.

ಊತ ಇಳಿದ ದಿನ ತಂಗಿ ಸೆಲ್ವಿ ಗಂಜಿ ತಂದವಳು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. "ಅಣ್ಣಾ, ಕನ್ನಡಿ ನೋಡ್ಬ್ಯಾಡ."

ನೋಡಿದೆ. ಕನ್ನಡಿಯಲ್ಲಿ ಹೋದ ವರ್ಷ ತೀರಿಕೊಂಡ ತಾತ ಕೂತಿದ್ದರು. ಅದೇ ಒಳಸೇರಿದ ಕೆನ್ನೆ, ಅದೇ ಮಡಚಿದ ತುಟಿ. ನಾನು ಕತ್ತು ತಿರುಗಿಸಿದೆ. ಅವರು ತುಸು ತಡವಾಗಿ ತಿರುಗಿಸಿದಂತಿತ್ತು. ಹೊರಗೆ ಕೂತಿದ್ದ ನಮ್ಮಜ್ಜಿ, ಅಂದರೆ ಅವ್ವ, ನನ್ನನ್ನು ಕಂಡು ಸೆರಗು ಹೊದ್ದು ಎದ್ದು ನಿಂತಳು, ತಾತ ಬಂದಾಗ ನಿಲ್ಲುತ್ತಿದ್ದ ಹಾಗೆ.

ಸೆಲ್ವಿಗೆ ಪಳನಿ ಊರಿನ ಹುಡುಗನ ಮೇಲೆ ಮನಸ್ಸಿತ್ತು. ಅವ್ವ ಮಾತ್ರ ಒಪ್ಪಿರಲಿಲ್ಲ. "ಅಮಾಸೆಗೆ ಎಲೆ ಹಾಕ್ತೀನಿ. ಅವರು ಉಂಡ್ರೆ ಕೊಡಾಣ, ಇಲ್ಲಾಂದ್ರೆ ಬ್ಯಾಡ" ಎಂದಿದ್ದಳು. ನಮ್ಮ ಮನೆಯ ಪದ್ಧತಿ ಅದು: ಸತ್ತವರಿಗೆ ಇಷ್ಟವಾದದ್ದನ್ನು ನಡುಮನೆಯಲ್ಲಿ ಬಾಳೆಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕಾಯುವುದು. ಒಂದು ತುತ್ತು ಕದಲಿದ್ದರೂ ತಾತ ಒಪ್ಪಿದಂತೆ.

ನಡುಮನೆಗೆ ಹಿಂದಿನಿಂದ ಇನ್ನೊಂದು ಬಾಗಿಲಿದೆ. ಅದರಾಚೆ ಮಲಗಿದ್ದವನು ನಾನು. ಅಮಾವಾಸ್ಯೆಯ ಮಧ್ಯಾಹ್ನ ಮೆತ್ತನೆ ಮುದ್ದೆಯಂಥ ಕಳಿಯ ವಾಸನೆ ಬಂತು, ಹಿಂದೆಯೇ ಪಾಯಸದ್ದು. ಹಿಂಬಾಗಿಲಿಂದ ನುಸುಳಿದರೆ ಎಲೆಯಲ್ಲಿ ಚಕ್ಕುಲಿಯಂಥ ಮುರುಕ್ಕು, ಪಕ್ಕದಲ್ಲಿ ಕಾಪಿ ಲೋಟವೂ ಇದ್ದವು. ರುಚಿ ಪರಿಶೀಲನೆಯ ಘನ ಉದ್ದೇಶದಿಂದ ಪಾಯಸಕ್ಕೆ ಒಂದೇ ಒಂದು ಬೆರಳು ಅದ್ದಿದೆ. ಬೆರಳು ಕೈಯಾಯಿತು. ಹಲ್ಲಿಲ್ಲದ ಬಾಯಿ ಸದ್ದಿಲ್ಲದೆ ಉಣ್ಣಲಾರದು.

ಹೊರಗೆ ಮಾತು ನಿಂತಿತು.

"ಏನಂಗ, ಬಂದೀರಾ?" ಅವ್ವನ ದನಿ, ತಾತನನ್ನು ಕರೆಯುತ್ತಿದ್ದ ಹಾಗೆಯೇ.

ಬಾಯಿ ತುಂಬ ಕಳಿ. "ಹ್ಞೂಂ" ಎಂದೆ. ಆ ದನಿ ನನ್ನದಾಗಿರಲಿಲ್ಲ.

"ಸೆಲ್ವಿನ ಪಳನಿಗೆ ಕೊಡ್ಲಾ?"

ಬಿಸಿ ಪಾಯಸ ಒಸಡಿಗೆ ತಗುಲಿತು. "ಹ್ಞೂಂ, ಹ್ಞೂಂ, ಹ್ಞೂಂ!"

ಸೆಲ್ವಿ ಅಳುವುದು ಕೇಳಿಸಿತು. ನಾನು ಓಡಿ ಹೊದಿಕೆಯೊಳಗೆ ಸೇರಿದೆ.

ಕೆಲವು ವಾರದ ಮೇಲೆ ಸೆಟ್ಟು ಬಂತು. ಬೇರೆ ಯಾರದೋ ನಗುವನ್ನು ಬಾಯಲ್ಲಿ ಇಟ್ಟುಕೊಂಡಂತಿತ್ತು. ಅಷ್ಟರಲ್ಲಿ ನಿಶ್ಚಯಕ್ಕೆ ದಿನ ಗೊತ್ತಾಗಿತ್ತು. ಹೇಳಿದರೆ ಸೆಲ್ವಿಯ ಮದುವೆ ಮುರಿಯಬಹುದು; ಹೇಳದಿದ್ದರೆ ಅವ್ವನಿಗೆ ಮೋಸ. ಪ್ರತಿ ಮಾತಿಗೂ ಹಲ್ಲು ಕಟಕಟ ಎನ್ನುತ್ತಿರಲು, ಹೇಳಿಯೇ ಬಿಟ್ಟೆ.

"ಗೊತ್ತಡಾ," ಎಂದಳು ಅವ್ವ. "ಪಾಯ್ಸ ನಿನ್ ಗಡ್ಡದ ಮ್ಯಾಲೇ ಇತ್ತಲ್ಲ."

"ಮತ್ತೆ ಮದುವೆ?"

"ಕಳಿ, ಪಾಯ್ಸ ನೀನು. ಮುರುಕ್ಕು ಯಾರು ತಿಂದದ್ದು?"

ಆ ಒಸಡಿನಲ್ಲಿ ಮುರುಕ್ಕನ್ನು ಮುಟ್ಟುವ ಧೈರ್ಯವೇ ನನಗಿರಲಿಲ್ಲ.

"ಅವರು ಕಾಪಿಗೆ ಅದ್ದಿ ತಿನ್ನೋರು," ಎಂದಳು ಅವ್ವ, ಸೊಪ್ಪು ಬಿಡಿಸುತ್ತಲೇ. "ಕಾಪಿ ಲೋಟ ಖಾಲಿ. ತಳದಾಗೆ ಮುರುಕ್ಕಿನ ಚೂರು. ನೀನಾ ಅದ್ದಿದ್ದು?"

ಅಂದಿನ ದಿನಚರಿಯಲ್ಲಿ ತಿಂದದ್ದನ್ನೆಲ್ಲ ಬರೆದಿದ್ದೆ. ಕಾಪಿ ಅದರಲ್ಲಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೂ ಹೊಸ ಹಲ್ಲುಗಳು ತಾವಾಗಿ ಕಟಗುಟ್ಟಿದವು.

"ಇಲ್ಲವ್ವ."

"ಹಂಗಾದ್ರೆ ಸುಮ್ನಿರು."

ನಿಶ್ಚಯದ ದಿನ ಅವ್ವ ಜಮಖಾನದ ಮೇಲೆ ತನ್ನ ಪಕ್ಕದ ಜಾಗ ತಟ್ಟಿ ತೋರಿಸಿದಳು. "ಆ ಹಲ್ಲು ಕಳಚಿಟ್ಟು ಇಲ್ಲಿ ಕೂತ್ಕ. ಒಂದು ಗಳಿಗೆ, ಅಷ್ಟೇ." ಕಳಚಿಟ್ಟು ಕೂತೆ. ನನ್ನ ಹೆಗಲ ಟವಲನ್ನು ಅವಳೇ ಸರಿಮಾಡಿದಳು, ಮುಖ ನೋಡದೆ.

ಪಳನಿಯ ವರ ಒಳಗೆ ಬಂದವನೇ ನೆಟ್ಟಗೆ ನನ್ನ ಕಾಲಿಗೆ ಬಿದ್ದ. "ಆಶೀರ್ವಾದ ಮಾಡಿ, ತಾತಾ."

ಅವನು ನನಗಿಂತ ಮೂರು ವರ್ಷ ದೊಡ್ಡವನು. ಮಾಡಿದೆ.