ಮೂರು ದಿನದ ಕಾಗೆ

ನಮ್ಮ ಮಾವನವರ ಮೇಲೆ ನನಗಿರುವ ಸಿಟ್ಟನ್ನು ಹೇಗಾದರೂ ಒಂದು ಯಂತ್ರಕ್ಕೆ ಜೋಡಿಸಿದರೆ ನ್ಯೂಜಿಲೆಂಡಿನ ಈ ಲೋವರ್ ಹಟ್‌ನ ಅರ್ಧ ಊರಿಗೆ ಚಳಿಗಾಲದಲ್ಲಿ ಹೀಟ್ ಪಂಪೇ ಬೇಕಾಗುವುದಿಲ್ಲ! ಉತ್ಪ್ರೇಕ್ಷೆ ಅನ್ನುತ್ತೀರಾ? ನಿಮ್ಮ ಸ್ವಂತ ಅಡುಗೆಮನೆಯಲ್ಲಿ, ನೀವೇ ಕೊಂಡ ಬಾಣಲೆಯಲ್ಲಿ, ನಾಲ್ಕು ಕಾಳು ಸಾಸಿವೆ ಸಿಡಿಸಬಾರದು ಅಂತ ಯಾರಾದರೂ ಅಪ್ಪಣೆ ಮಾಡಲಿ, ಆಮೇಲೆ ನನ್ನ ಹತ್ತಿರ ಮಾತಾಡಿ.

ಮಾವ ಅಂದರೆ ನನ್ನ ಗಂಡನ ಸೋದರಮಾವ. ಮೈಸೂರಿನಿಂದ ಓದಲು ಬಂದು, ಇಲ್ಲಿನ ಸಂಶೋಧನಾಲಯವೊಂದರಲ್ಲಿ ಮಣ್ಣು ಪರೀಕ್ಷೆ ಮಾಡಿಕೊಂಡಿದ್ದು ನಿವೃತ್ತರಾದವರು. ಅವರ ಹೆಂಡತಿ, ನಾವೆಲ್ಲ ಅತ್ತೆ ಅನ್ನುತ್ತಿದ್ದವರು, ತೀರಿಕೊಂಡು ಐದು ವರ್ಷವಾಯಿತು. ಆಗ ನಾವು ಆಕ್ಲೆಂಡಿನ ಮೌಂಟ್ ಆಲ್ಬರ್ಟ್‌ನಲ್ಲಿದ್ದೆವು. "ಕರ್ಮ, ತಿಥಿ, ಪುರೋಹಿತರು, ಏನೂ ಬೇಡ. ನಂಗೆ ಅದ್ರಲ್ಲೆಲ್ಲ ನಂಬಿಕೆ ಇಲ್ಲ" ಅಂತ ಮಾವ ಫೋನಿನಲ್ಲೇ ಎಲ್ಲರ ಬಾಯಿ ಮುಚ್ಚಿಸಿದ್ದರು. ಮರುವರ್ಷ ನಾವು ಅವರಿದ್ದ ಊರಿಗೇ ಮನೆ ಮಾಡಿಕೊಂಡು ಬಂದೆವು. ಬಂದ ವಾರವೇ ಮಾವ, ಹಿಂದೆ ಸಾಮಾನು ಹೇರುವ ತಮ್ಮ ಯೂಟ್ ಗಾಡಿಯನ್ನು ಹಳೇ ಸಾಮಾನಿನ ಅಂಗಡಿಯವನಿಗೆ ಕೊಟ್ಟು, ಬದಲಿಗೆ ಒಂದು ಉದ್ದನೆಯ ಮರದ ಡಬ್ಬಿ ತಂದರು.

ಡಬ್ಬಿಯೊಳಗೆ ರೇಷ್ಮೆ ಅಂಚಿನ, ಸುರುಳಿ ಸುತ್ತಿದ ಒಂದು ಹಳೇ ಜಪಾನಿ ಚಿತ್ರ. ಬಿಚ್ಚಿದರೆ ನನ್ನಷ್ಟೇ ಎತ್ತರ. ಮೇಲೆಲ್ಲ ಖಾಲಿ ಕಾಗದ. ಕೆಳಗೆ, ಮೂಲೆಯಲ್ಲಿ, ಒಣ ಕೊಂಬೆಯ ಮೇಲೆ ಕಪ್ಪು ಮಸಿಯ ಒಂದು ಕಾಗೆ. ಅಷ್ಟೇ! ಓಡುವ ಗಾಡಿ ಕೊಟ್ಟು ಹಾರದ ಕಾಗೆ ತಂದವರಿಗೆ ಏನು ಹೇಳುತ್ತೀರಿ? ಅಂದಿನಿಂದ ಅವರನ್ನು ತರಕಾರಿ ಅಂಗಡಿಗೆ, ಹಲ್ಲಿನ ಡಾಕ್ಟರ ಬಳಿಗೆ, ಕಟಿಂಗಿಗೆ ಕರೆದೊಯ್ಯುವ ಡ್ರೈವರ್ ನಾನು.

ಅದಾದರೂ ಅವರ ಮನೆಯಲ್ಲೇ ಉಳಿಯಿತೇ? ಅವರದು ಹಳೇ ಮರದ ಮನೆ. ಚಳಿಗಾಲ ಬಂತೆಂದರೆ ಗೋಡೆ ಬೆವರುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. "ನಿಮ್ಮನೆ ಬೆಚ್ಚಗಿದೆ ಕಣಮ್ಮ, ಇದು ಇಲ್ಲೇ ಇರ್ಲಿ" ಅಂದರು. ಮನುಷ್ಯ ಬೂಷ್ಟಿನಲ್ಲಿರಬಹುದು, ಕಾಗೆ ಮಾತ್ರ ಬೆಚ್ಚಗಿರಬೇಕು! ಡಬ್ಬಿ ನಮ್ಮ ಬಟ್ಟೆ ಬೀರು ಸೇರಿತು. ನನ್ನ ರೇಷ್ಮೆ ಸೀರೆಗಳು ಗ್ಯಾರೇಜು ಸೇರಿದವು.

ಜಪಾನಿನವರು ಇಂಥ ಚಿತ್ರವನ್ನು ವರ್ಷವಿಡೀ ಗೋಡೆಗೆ ಹಾಕುವುದಿಲ್ಲವಂತೆ. ಕೆಲವು ದಿನ ನೋಡಿ ಸುತ್ತಿಡುತ್ತಾರಂತೆ. ಮಾವ ಚಳಿಗಾಲದಲ್ಲಿ ಮೂರು ದಿನ ಅಂತ ಗೊತ್ತುಮಾಡಿದರು. ಯಾವ ಮೂರು ದಿನ? ಅದು ಅವರ ಚಿತ್ತ! ಒಂದು ವರ್ಷ ಜೂನ್ ಕೊನೆಗೆ, ಇನ್ನೊಂದು ವರ್ಷ ಜುಲೈ ನಡುವಿಗೆ. ಆ ಮೂರು ದಿನ ಅವರೂ ನಮ್ಮಲ್ಲೇ ಠಿಕಾಣಿ, ಕಾಗೆಗೆ ಕಾವಲು. ಪರದೆ ಎಳೆದಿರಬೇಕು. ಊದುಬತ್ತಿ ಹಚ್ಚಬಾರದು. ಹೀಟ್ ಪಂಪಿನ ಗಾಳಿ ಆ ಕಡೆ ತಿರುಗಬಾರದು. ಒಗ್ಗರಣೆಯ ಹೊಗೆಯಂತೂ ಮಹಾಪರಾಧ! ಹೀಗಾಗಿ ನಮಗೆ ಬೋಳು ಮೊಸರನ್ನ, ಬ್ರೆಡ್ಡು, ಮತ್ತೆ ಬೋಳು ಮೊಸರನ್ನ. "ಅಮ್ಮ, ಇಟ್ಸ್ ಜಸ್ಟ್ ಅ ಬರ್ಡ್! ವೈ ಆರ್ ವೀ ಸ್ಟಾರ್ವಿಂಗ್?" ಅಂತ ಮಗಳು ಕೇಳಿದರೆ ನಾನೇನು ಹೇಳಲಿ?

ಇನ್ನು ಚಿತ್ರ ಬರೆದವರ ವಿಷಯ. ಅವರಿಗೆ ಹೆಸರಿಲ್ಲ. ಲೈಬ್ರರಿಯ ಜಪಾನಿ ಹೆಂಗಸೊಬ್ಬರು ಅದರ ಮೇಲಿನ ಅಕ್ಷರ ಓದಿ, "ಎಂಬತ್ತೊಂದರ ಮುದುಕ ಬರೆದದ್ದು" ಅಂತಷ್ಟೇ ಇದೆ ಎಂದರು. ಸರಿ, ಅಂದಿನಿಂದ ಮಾವನ ಬಾಯಲ್ಲಿ ಅವರು ಅಜ್ಜ. ಊಟಕ್ಕೆ ಕೂತರೂ ಅಜ್ಜ, ಕಾಫಿಗೆ ಕೂತರೂ ಅಜ್ಜ.

"ಈ ರೆಕ್ಕೆ ನೋಡು, ಅಜ್ಜ ಒಂದೇ ಸಲಕ್ಕೆ ಎಳೆದಿದಾರೆ. ಮಸಿ ಕಾಗದಕ್ಕೆ ಬಿತ್ತೋ, ಮುಗೀತು. ಅಳ್ಸೋಕಾಗಲ್ಲ, ತಿದ್ದೋಕಾಗಲ್ಲ."

"ಹೌದು ಮಾವ, ಯೂಟ್ ಕೊಟ್ಟ ಹಾಗೆ" ಅಂದೆ.

ಕೇಳಿಸದವರಂತೆ ಕನ್ನಡಕ ಒರೆಸಿಕೊಂಡರು.

ಹೋದ ವರ್ಷ ನಮ್ಮ ಬೀದಿಯ ಕನ್ನಡದ ಆಂಟಿಯೊಬ್ಬರು ಬಂದು, ಚಿತ್ರವನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಚೆನ್ನಾಗ್ ಬರ್ತಾ ಇದೆ. ಬಾಕಿದು ಯಾವಾಗ ಮುಗಿಸ್ತಾರೆ?" ಅಂದರು. ಅಷ್ಟೇ ಸಾಕಾಯಿತು! ಖಾಲಿ ಜಾಗದ ಮಹತ್ವದ ಮೇಲೆ ಮಾವ ಒಂದೂವರೆ ಗಂಟೆ ಪಾಠ ಮಾಡಿದರು. ಆಂಟಿ ಮತ್ತೆ ನಮ್ಮ ಹೊಸಿಲು ತುಳಿದಿಲ್ಲ. ಈ ಊರಿನಲ್ಲಿ ನನಗೆ ಚಕ್ಕುಲಿ ಮಾಡಿ ಕೊಡುತ್ತಿದ್ದ ಒಬ್ಬರೇ ಒಬ್ಬರು ಅವರು!

ಈ ವರ್ಷ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಆಫೀಸಿನವರನ್ನು ಶನಿವಾರ ಊಟಕ್ಕೆ ಕರೆದಿದ್ದೆ. ನನ್ನ ಬಿಸಿಬೇಳೆಬಾತಿನ ಬಗ್ಗೆ ತಿಂಗಳಿಂದ ಜಂಬ ಕೊಚ್ಚಿಕೊಂಡಿದ್ದೆ. ಗುರುವಾರ ಸಂಜೆ ನೋಡಿದರೆ ಮಾವ ಹಾಜರು, ಕಾಗೆ ಗೋಡೆಯ ಮೇಲೆ!

"ಮುಂದಿನ ವಾರ ಹಾಕಿ ಮಾವ."

"ಆಗಲ್ಲಮ್ಮ. ನಾಳೆ ಇರ್ಲೇಬೇಕು."

"ಯಾಕೆ? ಕಾಗೆಗೆ ಮುಂದಿನ ವಾರ ಬೇರೆ ಕೆಲ್ಸ ಇದ್ಯಾ?"

ಮಾವ ಪರದೆ ಎಳೆಯಲು ಎದ್ದರು. ಅದನ್ನು ಕಂಡು ನನಗೆ ಇನ್ನಷ್ಟು ಉರಿಯಿತು. "ನಾಳೆ ಒಂದಿನ ಅಷ್ಟೇ. ಸಂಜೆ ಸುತ್ತಿ ತಗೊಂಡ್ಹೋಗಿ. ಇನ್ಮೇಲೆ ಇದು ಈ ಮನೇಲಿ ಬೇಡ" ಅಂದುಬಿಟ್ಟೆ. ನನ್ನವರು ಮೊಬೈಲಿನ ಹಿಂದೆ ಅಡಗಿ ಕೂತರು. ಆ ಬೂಷ್ಟಿನ ಮನೆಗೆ ಹೋದರೆ ಕಾಗದ ಒಂದು ಚಳಿಗಾಲವೂ ಬಾಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ.

ಶುಕ್ರವಾರ ಮಧ್ಯಾಹ್ನ ಕೆಲಸದಿಂದ ಬೇಗ ಬಂದೆ. ಬೀದಿಗೆಲ್ಲ ಕೇಳುವಂತೆ ನಮ್ಮ ಮನೆಯ ಸ್ಮೋಕ್ ಅಲಾರ್ಮ್ ಕಿರುಚುತ್ತಿದೆ! ಬಾಗಿಲು ತೆಗೆದರೆ ಸೀದ ಸಾಸಿವೆ, ಕರಿಬೇವಿನ ಘಾಟು. ಒಲೆಯ ಮೇಲೆ ನನ್ನ ಬಾಣಲೆ, ಅದರ ತಳವೆಲ್ಲ ಕಪ್ಪು. ನನಗೆ ಬೇಡವೆಂದ ಒಗ್ಗರಣೆಯನ್ನು ಇವರು ಹಾಕಿದ್ದಾರೆ! ಟವೆಲ್ ಬೀಸಿ ಅಲಾರ್ಮ್ ನಿಲ್ಲಿಸಿ, ನಾಲ್ಕು ವರ್ಷದ್ದೆಲ್ಲ ಸೇರಿಸಿ ಅನ್ನಬೇಕೆಂದು ಹಾಲಿಗೆ ನುಗ್ಗಿದೆ.

ಮಾವ ಕಾಗೆಯ ಮುಂದೆ ನೆಲದ ಮೇಲೆ ಕೂತಿದ್ದರು. ಎದುರಿಗೆ ಒಂದು ಬಾಳೆಲೆ, ಎಲೆಯ ಮೇಲೆ ಪುಳಿಯೋಗರೆ.

"ಇವತ್ತು ನಿಮ್ಮತ್ತೆ ತಿಥಿ ಕಣಮ್ಮ" ಅಂದರು.

ಪಂಚಾಂಗದ ತಿಥಿ! ಅದಕ್ಕೇ ವರ್ಷಕ್ಕೊಂದು ತಾರೀಖು.

"ಈ ಊರಲ್ಲಿ ಕಾಗೆ ಎಲ್ಲಿದೆ ಹೇಳು? ಮೊದಲ್ನೇ ವರ್ಷ ಪೆಟೋನಿ ಬೀಚಲ್ಲಿ ಎಡೆ ಇಟ್ಟೆ. ಸೀಗಲ್‌ಗಳು ಎಲೆ ಸಮೇತ ಎತ್ಕೊಂಡ್ಹೋದ್ವು. ಅವಳಿಗೆ ಸೀಗಲ್ ಕಂಡ್ರೇ ಆಗ್ತಿರ್ಲಿಲ್ಲ. ಆಮೇಲೆ ಅಂಗಡೀಲಿ ಇದು ಕಾಣಿಸ್ತು. ಮೂರು ವರ್ಷ ನೀವೆಲ್ಲ ಹೊರಗ್ಹೋದಾಗ ಹೋಟೆಲಿಂದ ತಂದಿಟ್ಟೆ. ಮುಟ್ಲಿಲ್ಲ."

"ಚಿತ್ರದ ಕಾಗೆ ಹೇಗೆ ಮುಟ್ಟುತ್ತೆ ಮಾವ?"

"ಗೊತ್ತಮ್ಮ, ಅಷ್ಟೂ ಗೊತ್ತಿಲ್ವಾ ನಂಗೆ? ಆದ್ರೂ ಕಾಗೆ ಮುಟ್ಲಿಲ್ಲ ಅಂದ್ರೆ ಹೋದೋರಿಗೆ ಏನೋ ಆಸೆ ಉಳ್ದಿದೆ ಅಂತಾರಲ್ಲ. ಅವಳು ಆಸ್ಪತ್ರೇಲಿ ಪುಳಿಯೋಗರೆ ಬೇಕು ಅಂದ್ಲು. ಡಾಕ್ಟ್ರು ಬೇಡ ಅಂದಿದಾರೆ, ಸುಮ್ನೆ ಮಲಕ್ಕೋ ಅಂತ ರೇಗ್ಬಿಟ್ಟೆ. ಬೆಳಿಗ್ಗೆ ಹೋಗ್ಬಿಟ್ಟಿದ್ಲು." ಅವರು ಎಲೆಯ ಅಂಚನ್ನು ಸರಿಮಾಡಿದರು. "ಇವತ್ತು ಇಲ್ಲಿ ಕೊನೇ ಸಲ ಅಲ್ವಾ? ಅದಕ್ಕೇ ನಾನೇ ಮಾಡಿದೆ. ಹೊಗೆ ಆಗ್ಹೋಯ್ತು. ಅಜ್ಜ ಕ್ಷಮಿಸ್ತಾರೆ ಬಿಡು."

ಆಗ ನನಗೆ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಒಂದು ಮಾತು ಹೇಳಬಾರದಿತ್ತೇ? ನಾನೇನು ರಾಕ್ಷಸಿಯೇ? ಬೈಯಲು ಬಾಯಿ ತೆರೆದೆ. ಎಲೆಯ ಮುಂದೆ ಕೂತು, ಒಂದು ತುತ್ತು ಪುಳಿಯೋಗರೆ ಎತ್ತಿ ಬಾಯಿಗೆ ಹಾಕಿಕೊಂಡೆ.

ಮಾವ ಗಾಬರಿಯಿಂದ ನನ್ನನ್ನೇ ನೋಡಿದರು.

"ಉಪ್ಪೇ ಹಾಕಿಲ್ಲ ಮಾವ" ಅಂದೆ. "ಮುಂದಿನ ವರ್ಷ ನಾನೇ ಮಾಡ್ತೀನಿ."

ಇನ್ನೊಂದು ತುತ್ತು ತೆಗೆದುಕೊಂಡೆ.