ಮಸಾಲಿ ಖಾರವೂ ಒಂಟಿ ಸೀನೂ

ಅಡಿಗೆ ಕಲಿಸುವವರು ಯಾರೂ ಪೂರ್ತಿ ಸಂಗತಿ ಹೇಳುವುದಿಲ್ಲ ಎಂಬುದು ನನ್ನ ಅನುಭವ. ಸುಳ್ಳು ಹೇಳುತ್ತಾರೆ ಎಂದಲ್ಲ. ಮುಖ್ಯವಾದ ಜಾಗಕ್ಕೆ ಬಂದ ಕೂಡಲೇ ಗಾಳಿಯಲ್ಲಿ ಕೈ ಆಡಿಸಿಬಿಡುತ್ತಾರೆ. ಉಪ್ಪು ಎಷ್ಟು ಎಂದು ಕೇಳಿದರೆ ‘ನೋಡಿ ಹಾಕ್ರಿ’ ಎನ್ನುತ್ತಾರೆ. ನೀರು ಎಷ್ಟು ಎಂದರೆ ‘ಬೇಕಾದಷ್ಟು.’ ನಾನು ಇಂಡಿ ಪಟ್ಟಣದ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ, ನಮ್ಮ ಕಡೆಯ ಮಾತಿನಲ್ಲಿ ಜಬಾನಿ, ಟೈಪ್ ಮಾಡುವವನು. ಅಲ್ಲಿ ಯಾರಾದರೂ ‘ಎಮ್ಮೆ ಬೇಕಾದಷ್ಟು ದೂರದಲ್ಲಿತ್ತು’ ಎಂದರೆ ವಕೀಲರು ಅವನನ್ನು ಸುಮ್ಮನೆ ಬಿಡುವುದಿಲ್ಲ. ಅಡಿಗೆಮನೆಯಲ್ಲಿ ಮಾತ್ರ ಇಂಥ ಹೇಳಿಕೆಯನ್ನೇ ನಂಬಿ ಒಲೆ ಹಚ್ಚಬೇಕು. ನಾನು ಹಾಗೆ ಹಚ್ಚಿದೆ. ಇವತ್ತಿಗೂ ಬಾಣಲೆ ಮುಟ್ಟುವ ಮೊದಲು ಕಿಟಕಿಯಾಚೆ ಒಮ್ಮೆ ನೋಡುತ್ತೇನೆ.

ನನ್ನ ಹೆಂಡತಿ ಶಾಂತಾ ಹೈಸ್ಕೂಲು ಶಿಕ್ಷಕಿ. ಅವಳಿಗೆ ಮುದ್ದೇಬಿಹಾಳಕ್ಕೆ ವರ್ಗವಾದ ಮೇಲೆ ಶನಿವಾರ ಸಂಜೆಯಷ್ಟೇ ಮನೆಗೆ ಬರುತ್ತಾಳೆ. ಉಳಿದ ದಿನ ನನ್ನ ಊಟ ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ. ಅಲ್ಲಿಯ ರೊಟ್ಟಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇದ್ದದ್ದು ಮಾಲೀಕನ ಬಗ್ಗೆ. ದಿನಾ ರೊಟ್ಟಿ ಬಡಿಸುವಾಗ ನಾಲ್ಕು ಟೇಬಲ್ಲಿಗೆ ಕೇಳುವ ಹಾಗೆ, “ಅಕ್ಕಾವ್ರು ಇನ್ನೂ ಬಂದಿಲ್ಲೇನ್ರಿ?” ಎಂದು ವಿಚಾರಿಸುತ್ತಿದ್ದ. ಕೇಳುವವರಿಗೆ ಅವಳು ಸಿಟ್ಟು ಮಾಡಿಕೊಂಡು ತವರಿಗೆ ಹೋಗಿದ್ದಾಳೆ ಎನಿಸುವಂಥ ದನಿ. ಇದನ್ನು ತಾಳಲಾರದೆ ಅಡಿಗೆ ಕಲಿಯಲು ನಿರ್ಧರಿಸಿದೆ.

“ಮೊದ್ಲ ಮಸಾಲಿ ಖಾರ ಮಾಡ್ಕೋರಿ,” ಎಂದಳು ಶಾಂತಾ ಫೋನಿನಲ್ಲಿ. “ಬಾಗೇವಾಡಿಯಿಂದ ಅವ್ವ ಕೊಟ್ಟಿದ್ದು ತೀರೇತಿ. ಅದೊಂದು ಡಬ್ಬಿ ಇದ್ರ ನೀವು ಮಾಡಿದ ಪಲ್ಯಾನೂ ಬಾಯಿಗೆ ಹೋಗ್ತೈತಿ.” ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಲವಂಗ, ದಾಲ್ಚಿನ್ನಿ, ಒಣಕೊಬ್ಬರಿ, ಬೆಳ್ಳುಳ್ಳಿ, ಇವನ್ನೆಲ್ಲ ಬೇರೆಬೇರೆಯಾಗಿ ಹುರಿದು ಪುಡಿ ಮಾಡಿದರೆ ಆಯಿತಂತೆ.

“ಮೆಣಸಿನಕಾಯಿ ಎಲ್ಲೀತನಾ ಹುರೀಬೇಕು?”

“ವಾಸನಿ ಬರೋತನಾ.”

“ಯಾವ ವಾಸನಿ?”

“ಬಂದ್ರ ತಿಳಿತೈತಿ.”

“ಬರಲಿಲ್ಲಂದ್ರ?”

“ಅಡಗಿ ಕಲಿಯಾಕತ್ತೀರೋ, ಜಬಾನಿ ತಗೊಳ್ಳಾಕತ್ತೀರೋ? ಹಾಂ, ಮನ್ಯಾಗ ಹುರೀಬ್ಯಾಡ್ರಿ. ಮಾಳಗಿ ಮ್ಯಾಲ ಹೋಗ್ರಿ, ಬಯಲಿನ್ಯಾಗ.”

ನಾನು ಎಚ್ಚರಿಕೆಯ ಮನುಷ್ಯ. ಗ್ಯಾಸ್ ಸಿಲಿಂಡರನ್ನು ಮಾಳಿಗೆಗೆ ಹೊರುವುದು, ಅಲ್ಲಿಯ ಗಾಳಿಯಲ್ಲಿ ಎಣ್ಣೆ ಕಾಯಿಸುವುದು ಅಪಾಯ ಎನಿಸಿತು. ಅಡಿಗೆಮನೆಯಲ್ಲಿ ಹೊಸ ಎಕ್ಸಾಸ್ಟ್ ಫ್ಯಾನ್ ಇತ್ತು. ಅದು ಹೊಗೆಯನ್ನೆಲ್ಲ ಹೊರಗೆ ಹಾಕುತ್ತದೆ. ಹೊರಗೆ ಎಂದರೆ ಎಲ್ಲಿಗೆ ಎಂದು ಯೋಚಿಸಲಿಲ್ಲ. ನನ್ನ ಎಚ್ಚರಿಕೆ ನಮ್ಮ ಗೋಡೆಯವರೆಗೆ ಮಾತ್ರ ಇತ್ತು. ಗೋಡೆಯ ಆಚೆ ಎದುರಿಗೇ ಇದ್ದದ್ದು ಅರಿವೆ ಅಂಗಡಿಯ ಸಿದ್ದಣ್ಣನವರ ಪಡಸಾಲೆಯ ಕಿಟಕಿ.

ಅದು ಎರಡನೇ ಶನಿವಾರ, ಕೋರ್ಟಿಗೆ ರಜೆ. ಶಾಂತಾ ಬರುವಷ್ಟರಲ್ಲಿ ಡಬ್ಬಿ ತುಂಬಿಸಿಡುವ ಹುಮ್ಮಸ್ಸು ನನಗೆ. ಅದೇ ದಿನ ಸಿದ್ದಣ್ಣನವರ ಮಗಳು ಸುನಂದಾಳನ್ನು ನೋಡಲು ಆಲಮೇಲದಿಂದ ಗಂಡಿನವರು ಬಂದಿದ್ದರು. ಹಿಂದೆ ಬಂದಿದ್ದ ಎರಡು ಕಡೆಯವರು ಶಿರಾ ತಿಂದು, ‘ಫೋನ್ ಮಾಡ್ತೇವ್ರಿ’ ಎಂದು ಹೋದವರು ಫೋನ್ ಮಾಡಿರಲಿಲ್ಲ. ಸುನಂದಾಳ ತಾಯಿ ಗೌರವ್ವನವರು ಹಿಂದಿನ ದಿನವಷ್ಟೇ ನನ್ನ ಮುಂದೆ ಕಣ್ಣೊರೆಸಿಕೊಂಡಿದ್ದರು: “ಈ ಸಲಾನೂ ತಪ್ಪಿದ್ರ ಇನ್ನ ಯಾರ ಮುಂದೂ ಬಂದು ಕುಂಡ್ರಂಗಿಲ್ಲ ಅಂದಾಳ್ರಿ ಅಣ್ಣಾರ.”

ಕೊತ್ತಂಬರಿ ಬೀಜ, ಜೀರಿಗೆ ಸುಸೂತ್ರವಾಗಿ ಮುಗಿದವು. ಮೆಣಸಿನಕಾಯಿ ಹಾಕಿ ವಾಸನೆಗಾಗಿ ಕಾದೆ. ಬರಲಿಲ್ಲ. ಉರಿ ಸ್ವಲ್ಪ ದೊಡ್ಡದು ಮಾಡಿದೆ. ಆಗಲೂ ಬರಲಿಲ್ಲ. ಎರಡು ದಿನದಿಂದ ನೆಗಡಿಯಾಗಿ ನನ್ನ ಮೂಗು ಕಟ್ಟಿತ್ತು ಎಂಬುದನ್ನು ಇಲ್ಲಿ ದಾಖಲಿಸಬೇಕು. ಕಣ್ಣಲ್ಲಿ ನೀರು ಬರುತ್ತಿತ್ತು, ಅದೂ ನೆಗಡಿಯದೇ ಎಂದುಕೊಂಡೆ. ಕೊನೆಗೆ ಬಂದವರು ಗೌರವ್ವನವರು, ಮೂಗಿಗೆ ಸೆರಗು ಒತ್ತಿಕೊಂಡು.

“ಅಣ್ಣಾರ! ಏನ್ ಸುಡಾಕತ್ತೀರಿ? ಬಂದ ಮಂದಿ ಸಾಯಾಕತ್ತಾರ್ರಿ! ಆರಿಸ್ರಿ ಮೊದ್ಲ!”

“ವಾಸನಿ ಬರ್ಲಿ ಅಂತ ಕಾಯಾಕತ್ತೇನ್ರಿ ಅಕ್ಕಾರ.”

“ಬಂದೈತ್ರಿ! ನಮ್ಮ ಮನಿಗೆ ಬಂದೈತಿ!”

ಒಲೆ ಆರಿಸಿ, ಫ್ಯಾನು ನಿಲ್ಲಿಸಿ, ಕ್ಷಮೆ ಕೇಳಲು ಅವರ ಹಿಂದೆಯೇ ಓಡಿದೆ. ಕೈಯಲ್ಲಿ ಸಟ್ಟುಗ ಹಾಗೇ ಇತ್ತು. ಪಡಸಾಲೆಯಲ್ಲಿ ಬೀಗರಾಗಬೇಕಾದವರೆಲ್ಲ ಸಾವಿನ ಮನೆಗೆ ಬಂದವರಂತೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಲೋಡಿಗೆ ಒರಗಿದ್ದ ಗಂಡಿನ ಅಜ್ಜ, ಎಲ್ಲರ ಬಾಯಲ್ಲಿ ಮುತ್ಯಾ, ಮಾತ್ರ ಬೆರಳು ಮಡಚುತ್ತ ಏನೋ ಲೆಕ್ಕ ಹಾಕುತ್ತಿದ್ದರು. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂಬುದು ಅವರ ಗಟ್ಟಿ ನಂಬಿಕೆ. ನನ್ನ ಹೊಗೆ ಬಂದಾಗಿನಿಂದ ಅವರು ಸೀನಿಗೆ ಸೀನು ಜೋಡಿಸುತ್ತ ಕೂತಿದ್ದರು. ಅತ್ತಿಗೆಯ ಸೀನಿಗೆ ಡ್ರೈವರನ ಸೀನು, ಸೋದರಮಾವನ ಸೀನಿಗೆ ತಮ್ಮದೇ ಸೀನು.

“ಎಲ್ಲಾ ಜೋಡಿ ಆದ್ವು,” ಎಂದರು ಮುತ್ಯಾ, ಸಿದ್ದಣ್ಣನವರತ್ತ ಬೆರಳು ತೋರಿಸುತ್ತ. “ಕಡೀಕ ಈ ಯಜಮಾನ್ರು ಸೀನಿದ್ದು ಒಂಟಿ ಉಳೀತು. ಇದರ ಮ್ಯಾಲ ಮಾತು ಆಡಬಾರ್ದು. ಏಳ್ರಿ, ಹೋಗೂಣು.”

ಸಿದ್ದಣ್ಣನವರು ಹೌಹಾರಿದರು. ಇನ್ನೊಂದು ಸೀನು ಬರಲೆಂದು ಬಲ್ಬನ್ನು ದಿಟ್ಟಿಸಿ ನೋಡಿದರು. ಟವೆಲಿನ ತುದಿ ಹುರಿ ಮಾಡಿ ಮೂಗಿಗೆ ಹಾಕಿಕೊಂಡರು. ಅಷ್ಟು ಹೊತ್ತು ಬೇಡವೆಂದರೂ ಬಂದ ಸೀನು ಈಗ ಊರುಬಿಟ್ಟು ಹೋಗಿತ್ತು. ಗೌರವ್ವನವರು ನನ್ನ ತೋಳು ಹಿಡಿದು ಬಾಗಿಲಾಚೆ ಎಳೆದರು.

“ಅಣ್ಣಾರ, ಮತ್ತ ಹಚ್ಚರಿ!”

“ಏನ್ರಿ?”

“ಒಲಿ! ಫ್ಯಾನು! ಲಗೂನ!”

“ಹಚ್ಚಬಹುದ್ರಿ. ಆದ್ರ ಎರಡು ಸೀನು ಬಂದ್ರ ಮತ್ತ ಒಂಟಿ ಉಳಿತೈತಿ. ಒಂದ ಸೀನು ಬರೂವಷ್ಟು ಹೊಗಿ ಅಂದ್ರ ಎಷ್ಟು ಮೆಣಸಿನಕಾಯಿ ಹಾಕ್ಲಿ?”

“ನೋಡಿ ಹಾಕ್ರಿ!”

ಆಗ ಒಳಗೆ ಒಂದು ಸೀನಿನ ಸದ್ದಾಯಿತು.

ಈಗ ಹೇಳುವುದು ನಾನು ಬಾಗಿಲಿನಿಂದ ಕಣ್ಣಾರೆ ಕಂಡದ್ದು. ಗಂಡು ಎದ್ದು ನಿಂತಿದ್ದ. ಸುನಂದಾ ಚಹಾದ ತಟ್ಟೆ ಹಿಡಿದು ಒಳಬಾಗಿಲಲ್ಲಿ ನಿಂತಿದ್ದಳು, ಕಣ್ಣು ಕೆಂಪಗೆ. ಸೀನುವವನ ಕಣ್ಣು ಮುಚ್ಚುತ್ತದೆ. ಇವನ ಕಣ್ಣು ಪೂರ್ತಿ ತೆರೆದು ಅವಳ ಕಡೆಗಿದ್ದವು. ಸೀನುವವನ ಭುಜ ಅಲುಗುತ್ತದೆ. ಇವನ ಭುಜ ಅಲುಗಲಿಲ್ಲ. ಕರವಸ್ತ್ರದ ಹಿಂದಿನಿಂದ ‘ಹಾಕ್ಷಿ’ ಎಂಬ ಶಬ್ದ, ಬರೆದದ್ದನ್ನು ಓದಿದಷ್ಟು ಸ್ಪಷ್ಟವಾಗಿ ಬಂತು. ಸುನಂದಾ ನಗು ತಡೆಯಲು ತಟ್ಟೆಯತ್ತ ಮುಖ ಬಗ್ಗಿಸಿದಳು.

“ಖರೇನ ಬಂತೇನೋ?” ಮುತ್ಯಾ ಕೇಳಿದರು.

“ಬಂತೋ ಮುತ್ಯಾ.”

ಮುತ್ಯಾ ನಂಬಲಿಲ್ಲ. ಎರಡೂ ಕಡೆಗೆ ಸೇರದವನು ನಾನೊಬ್ಬನೇ ಎಂದು ನನ್ನತ್ತ ತಿರುಗಿದರು. “ನೀವು ಹೇಳ್ರಿ. ಇವ ಸೀನಿದ್ದು ಕೇಳಿತೇನ್ರಿ?”

ಇಷ್ಟು ವರ್ಷ ಪರರ ಸಾಕ್ಷಿ ಟೈಪ್ ಮಾಡಿದವನಿಗೆ ಮೊದಲ ಸಲ ಕಟಕಟೆ ಹತ್ತಿದಂತಾಯಿತು. ಅವರು ನನ್ನ ಕಣ್ಣನ್ನು ಕೇಳಿರಲಿಲ್ಲ, ಕಿವಿಯನ್ನಷ್ಟೇ ಕೇಳಿದ್ದರು. ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು ಎಂದು ವಕೀಲರು ದಿನಾ ಹೇಳುತ್ತಾರೆ. “ಸ್ವಚ್ಛ ಕೇಳಿತ್ರಿ,” ಎಂದೆ.

“ಹಂಗಾರ ಜೋಡಿ ಆತು,” ಎಂದು ಮುತ್ಯಾ ಮತ್ತೆ ಲೋಡಿಗೆ ಒರಗಿದರು. ಶಿರಾ ಬಂತು.

ಸಂಜೆ ಶಾಂತಾ ಬಾಣಲೆ ನೋಡಿ, “ಇದು ಖಾರ ಅಲ್ರಿ, ಕಾಡಿಗಿ,” ಎಂದು ತಿಪ್ಪೆಗೆ ಸುರಿದಳು. ಮದುವೆ ಮಾತ್ರ ನಿಶ್ಚಯವಾಯಿತು. ಓಣಿಯಲ್ಲಿ ಸುದ್ದಿ ಹಬ್ಬಿ, ನಿನ್ನೆ ಕೊನೆಯ ಮನೆಯ ಹೆಣ್ಣುಮಗಳು ಬಂದಿದ್ದಳು. “ಬುಧವಾರ ಯಂಕಂಚಿಯಿಂದ ನಮ್ಮ ಹುಡುಗೀನ ನೋಡಾಕ ಬರ್ತಾರ್ರಿ. ನೀವು ಬರ್ಬೇಕು ನೋಡ್ರಿ.”

“ಊಟಕ್ಕೇನ್ರಿ?” ಎಂದೆ, ಸ್ವಲ್ಪ ಹಿಗ್ಗಿ.

“ಊಟಕ್ಕಲ್ರಿ, ಹುರಿಯಾಕ. ನಮ್ಮ ಹಿತ್ತಲದಾಗ ಒಲಿ ಹೂಡಿರ್ತೇವಿ.”

ಅರ್ಧ ದಿನದ ರಜೆಗೆ ಅರ್ಜಿ ಕೊಟ್ಟಿದ್ದೇನೆ, ಕಾರಣ, ಮಂಗಳಕಾರ್ಯ. ಮಧ್ಯಾಹ್ನದ ಊಟ ಎಂದಿನಂತೆ ಖಾನಾವಳಿಯಲ್ಲಿ.